ನಾದಿನಿ, ಬೀಗರು ಮತ್ತು ಮಾತಾಡುವ ಡಬ್ಬಿ

ಮಾತಾಡುವ ಡಬ್ಬಿಯದು ಏನೂ ತಪ್ಪಿಲ್ಲ. ಇನ್ಸುಲಿನ್ನಿನದೂ ತಪ್ಪಿಲ್ಲ. ನನ್ನ ನಾದಿನಿ ಸೂಜಿ ಚುಚ್ಚಿಕೊಂಡಳು, ತನ್ನ ಪಾಲಿನ ರೊಟ್ಟಿಯನ್ನು ಬೀಗರಿಗೆ ಬಡಿಸಿದಳು, ಆಮೇಲೆ ಬರೀ ಹೊಟ್ಟೆಯಲ್ಲಿ ಅವರೆದುರು ಕೂತು "ನಂದು ಊಟ ಆತು" ಎಂದು ಸುಳ್ಳು ಹೇಳಿದಳು. ಅದಕ್ಕೇ ಸಕ್ಕರೆ ಇಳಿದು ಸಾಯುವ ಹಾಗಾಯಿತು. ನಡೆದದ್ದು ಇಷ್ಟೇ. ಊರಲ್ಲಿ ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಡಬ್ಬಿ ತಪ್ಪು ಔಷಧ ಹೇಳಿತು ಎನ್ನುವವರಿದ್ದಾರೆ, ಬೀಗತಿಯ ಕಣ್ಣು ತಾಗಿತು ಎನ್ನುವವರೂ ಇದ್ದಾರೆ. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ.

ನನ್ನ ನಾದಿನಿ ಎಂದರೆ ನನ್ನ ಗಂಡನ ತಂಗಿ. ಅವಳನ್ನು ಮುಂಡಗೋಡದ ಕಡೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಒಂದು ಟ್ರಂಕು ಹಿಡಿದುಕೊಂಡು ಸಾಂಬ್ರಾಣಿ ಹತ್ತಿರದ ನಮ್ಮ ಊರಿಗೆ, ತನ್ನ ತವರಿಗೆ, ವಾಪಸು ಬಂದಳು. ಆಗ ನನ್ನ ಮಗ ಇನ್ನೂ ತೊಟ್ಟಿಲಲ್ಲಿದ್ದ. ಅಂದಿನಿಂದ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಮುದುಕಿಯರಾದೆವು. ನನ್ನ ಗಂಡನೂ ಹೋದರು. ಈಗ ಮಗ, ಸೊಸೆ ಕಬ್ಬು ನೋಡಿಕೊಳ್ಳುತ್ತಾರೆ, ನಾವಿಬ್ಬರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ. ನೋಡಿಕೊಳ್ಳುವುದೆಂದರೆ ನಾನು ಬೈಯುತ್ತೇನೆ, ಅವಳು ಬೈಸಿಕೊಳ್ಳುತ್ತಾಳೆ.

ಅವಳಷ್ಟು ನಯದವಳನ್ನು ನಾನು ಕಂಡಿಲ್ಲ. ಅಂಗಳಕ್ಕೆ ಬಂದ ನಾಯಿಗೂ "ಹಚಾ" ಎನ್ನುವವಳಲ್ಲ, "ಸ್ವಲ್ಪ ಸರೀಪಾ" ಎನ್ನುವವಳು. ಅತ್ತಿಗೆಯಾದ ನನ್ನನ್ನು ಇವತ್ತಿಗೂ "ವೈನಿ, ನೀವು" ಎಂದೇ ಕರೆಯುತ್ತಾಳೆ. ತಲೆಯ ಮೇಲಿನ ಸೆರಗು ಜಾರಿದ್ದನ್ನು ನಾನು ನೋಡಿಲ್ಲ. ಇಷ್ಟೆಲ್ಲ ನಯ ಇದ್ದರೆ ಮನುಷ್ಯರಿಗೆ ಏನಾದರೂ ರೋಗ ಬರುತ್ತದೆ ಎಂದು ನನಗೆ ಮೊದಲೇ ಅನುಮಾನವಿತ್ತು. ಬಂತು, ಸಕ್ಕರೆ ರೋಗ.

ನಮ್ಮ ಕಡೆ ದಾರಿಯಲ್ಲಿ ಯಾರು ಸಿಕ್ಕರೂ ಮೊದಲು ಕೇಳುವುದು "ಊಟ ಆತೇನ್ರಿ?" ಎಂದು. ಅದಕ್ಕೆ "ಆತ್ರಿ, ನಿಮ್ದು?" ಎನ್ನಬೇಕು. ಹೊಟ್ಟೆ ಬೆನ್ನಿಗೆ ಹತ್ತಿದ್ದರೂ "ಆತು" ಎಂದೇ ಹೇಳಬೇಕು. "ಇಲ್ಲ" ಎಂದರೆ ಕೇಳಿದವರು ಊಟಕ್ಕೆ ಕರೆಯಬೇಕಾಗುತ್ತದೆ. ಪಾಪ, ಅವರ ಮನೆಯಲ್ಲಿ ಅಡುಗೆ ಆಗಿದೆಯೋ ಇಲ್ಲವೋ. ಹೀಗೆ ಹೇಳುವುದು ನಮಗೆಲ್ಲ ರೂಢಿ. ಆದರೆ ನಮ್ಮದೆಲ್ಲ ಬೀದಿಯ ಮಾತು. ನಾದಿನಿ ಅದನ್ನು ಮನೆಯೊಳಗೂ ತಂದಿದ್ದಳು. ಅಣ್ಣ ಕೇಳಿದರೂ "ಆತು", ನಾನು ಕೇಳಿದರೂ "ಆತು". ಅವಳು ಯಾವಾಗ ತಿನ್ನುತ್ತಾಳೆ, ಎಷ್ಟು ತಿನ್ನುತ್ತಾಳೆ ಎನ್ನುವುದು ಗೊತ್ತಾಗಬೇಕಾದರೆ ನಾನು ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದು ನೋಡಬೇಕಿತ್ತು. ನಮ್ಮ ಮನೆಯಲ್ಲಿ ಅವಳಿಗೆ ಯಾರೂ ಊಟಕ್ಕೆ ಕಡಿಮೆ ಮಾಡಿದವರಲ್ಲ. ಆದರೂ ತವರಿಗೆ ತಿರುಗಿ ಬಂದವಳು ತಾನು ಹಸಿದಿದ್ದೇನೆ ಎಂದು ಹೇಳಬಾರದು ಎಂಬುದು ಅವಳೇ ಮಾಡಿಕೊಂಡ ಕಾನೂನು.

ಸಕ್ಕರೆ ಗುಳಿಗೆಗೆ ಬಗ್ಗದೆ ಹೋದಾಗ ಹಳಿಯಾಳದ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಊಟಕ್ಕೆ ಮುಂಚೆ. ಪೆನ್ನಿನಂಥದ್ದು, ಹಿಂದಿನ ಬಿಲ್ಲೆಯನ್ನು ಟಕ್ ಟಕ್ ತಿರುಗಿಸಿದರೆ ಎಷ್ಟು ಔಷಧ ಒಳಗೆ ಹೋಗಬೇಕೋ ಆ ಅಂಕಿ ಬರುತ್ತದೆ. "ಚುಚ್ಚಿಕೊಂಡ ಅರ್ಧ ತಾಸಿನೊಳಗೆ ಊಟ ಆಗಲೇಬೇಕು. ಇಲ್ಲದಿದ್ದರೆ ಸಕ್ಕರೆ ಪೂರ್ತಿ ಇಳಿದು, ಬೆವರಿ, ಏನೇನೋ ಮಾತಾಡಿ ಎಚ್ಚರ ತಪ್ಪುತ್ತೀರಿ, ಹಾಗೇ ಬಿಟ್ಟರೆ ಜೀವಕ್ಕೇ ಬರುತ್ತದೆ" ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ನಾದಿನಿ "ಹೂಂ ರಿ, ಹೂಂ ರಿ" ಎಂದು ಕೈ ಮುಗಿದಳು. ಅವಳು ಹೂಂ ಎಂದರೆ ಕೇಳಿಸಿಕೊಂಡಳು ಎಂದಲ್ಲ, ಎದುರಿನವರಿಗೆ ಬೇಜಾರಾಗಬಾರದು ಎಂದು.

ಆಮೇಲಿನ ಕೆಲವು ತಿಂಗಳು ನನಗೆ ಸಾಕುಸಾಕಾಯಿತು. ಒಂದು ದಿನ ಚುಚ್ಚಿಕೊಳ್ಳುವುದು ಮರೆಯುತ್ತಿದ್ದಳು, ಇನ್ನೊಂದು ದಿನ ಚುಚ್ಚಿಕೊಂಡೆನೋ ಇಲ್ಲವೋ ಎಂದು ಕೂತು ಯೋಚಿಸುತ್ತಿದ್ದಳು. ಎಷ್ಟು ತಿರುಗಿಸಬೇಕು ಎಂಬುದೂ ಆ ದಿನದ ಸಕ್ಕರೆ ನೋಡಿ ಬದಲಾಗುತ್ತಿತ್ತು. ಡಾಕ್ಟರು ಬರೆದುಕೊಟ್ಟ ಚೀಟಿ ನನಗೆ ಓದಲು ಬರುತ್ತಿತ್ತು, ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿತ್ತು, ಅಂಕಿ ಬಿಟ್ಟರೆ ಓದಲು ಬರುತ್ತಿರಲಿಲ್ಲ.

ಆಗ ನನ್ನ ಮೊಮ್ಮಗಳು ಡಬ್ಬಿ ತಂದಳು. ಅವಳನ್ನು ಜೋಯಿಡಾ ಕಡೆ ಕೊಟ್ಟಿದ್ದೇವೆ. ಗಂಡ ಹೆಂಡತಿ ಇಬ್ಬರೂ ಗಣೇಶಗುಡಿಯಲ್ಲಿ ಒಂದು ಹೋಂಸ್ಟೇ ನೋಡಿಕೊಳ್ಳುತ್ತಾರೆ. ಅಲ್ಲಿ ಕೋಣೆಗೊಂದು ಇಂಥ ಡಬ್ಬಿ ಇದೆಯಂತೆ. ಬಂದವರು "ದೀಪ ಹಚ್ಚು, ಹಾಡು ಹೇಳು" ಎಂದು ಅದಕ್ಕೆ ಅಪ್ಪಣೆ ಕೊಡುತ್ತಾರಂತೆ. ಕೈಕಾಲು ಗಟ್ಟಿ ಇದ್ದವರು ದೀಪ ಹಚ್ಚಲು ಡಬ್ಬಿಯನ್ನು ಕರೆಯುತ್ತಾರೆ ಎಂದರೆ ನಾನು ಏನು ಹೇಳಲಿ. ಮೊಮ್ಮಗಳು ಮತ್ತು ಅವಳ ಗಂಡ ಸೇರಿ ಡಾಕ್ಟರ ಲೆಕ್ಕವನ್ನೆಲ್ಲ ಅದರೊಳಗೆ ತುಂಬಿದರು, ಡಾಕ್ಟರಿಗೆ ತೋರಿಸಿಯೂ ತಂದರು. ಪಡಸಾಲೆಯ ಗೂಡಿನಲ್ಲಿ ಇಟ್ಟರು. ಅವಲಕ್ಕಿ ಡಬ್ಬಿಯಷ್ಟು ಗಾತ್ರ, ಬೂದಿ ಬಣ್ಣ.

ಬೆಳಿಗ್ಗೆ ಅದು ಹೆಂಗಸಿನ ದನಿಯಲ್ಲಿ ಕೇಳುತ್ತದೆ: "ಶುಭೋದಯ. ಇಂದಿನ ಸಕ್ಕರೆ ಪ್ರಮಾಣ ಎಷ್ಟಿದೆ?" ಬೆರಳು ಚುಚ್ಚಿ, ಮಶೀನಿನಲ್ಲಿ ನೋಡಿ ಅಂಕಿ ಹೇಳಿದರೆ, ಪೆನ್ನು ಎಷ್ಟಕ್ಕೆ ತಿರುಗಿಸಬೇಕೆಂದು ಹೇಳುತ್ತದೆ. ಅರ್ಧ ತಾಸಿಗೆ ಮತ್ತೆ ಕೇಳುತ್ತದೆ: "ನಿಮ್ಮ ಊಟ ಆಯಿತೇ?" ಆಗಿಲ್ಲ ಎಂದರೆ ಬಿಡುವುದಿಲ್ಲ, ಮತ್ತೆ ಮತ್ತೆ ಕೇಳುತ್ತದೆ. ಆಮೇಲೂ ಆಗಿಲ್ಲ ಎಂದರೆ, ಇಲ್ಲವೇ ಉತ್ತರವೇ ಬರದಿದ್ದರೆ, ತಾನೇ ಮೊಮ್ಮಗಳಿಗೆ ಫೋನು ಹಚ್ಚುತ್ತದೆ. ಆಗಿದೆ ಎಂದರೆ ಸುಮ್ಮನಾಗುತ್ತದೆ.

ನಾದಿನಿಗೆ ಡಬ್ಬಿಯ ಮೇಲೆ ಬಂದ ಪ್ರೀತಿ ನೋಡಬೇಕಿತ್ತು. ಅದು ಬಾಯಿ ತೆರೆಯುವ ಹೊತ್ತಿಗೆ ಮುಖ ತೊಳೆದು, ಕುಂಕುಮದ ಬದಲು ಬೂದಿ ಹಚ್ಚಿ, ಸೆರಗು ಸರಿ ಮಾಡಿಕೊಂಡು ಅದರ ಮುಂದೆ ಕೂರುತ್ತಿದ್ದಳು.

"ಎಷ್ಟ ಚಂದ ಮಾತಾಡ್ತಾಳ ನೋಡ್ರಿ ವೈನಿ. ಒಂದ ದಿನಾನೂ ದನಿ ಏರಿಸಿಲ್ಲ."

"ಆಕಿಗೆ ರೊಟ್ಟಿ ಬಡ್ಯಾಕ ಹಚ್ಚು. ದನಿ ತಾನ ಏರ್ತೈತಿ."

ಅವಳು ಅಂಕಿ ಒಂದನ್ನೇ ಹೇಳಿ ಬಿಡುವವಳಲ್ಲ. "ನೂರಾ ತೊಂಬತ್ತ ಐತ್ರಿ ತಂಗೆವ್ವಾ. ನಿನ್ನಿ ಬಾಜೂದವರ ಮನ್ಯಾಗ ಹೋಳಿಗಿ ಕೊಟ್ಟಿದ್ರು, ಬ್ಯಾಡ ಅಂದ್ರ ಬ್ಯಾಸರ ಮಾಡ್ಕೋತಾರಂತ ಒಂದ ತುಣಕ ತಿಂದ್ನಿ." ಡಬ್ಬಿ "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎನ್ನುತ್ತಿತ್ತು. ನಾದಿನಿ ನನ್ನ ಕಡೆ ತಿರುಗಿ "ಪಾಪ, ತಪ್ಪ ನಂದು, ಆಕೀನ ಕ್ಷಮಾ ಕೇಳ್ತಾಳ" ಎನ್ನುತ್ತಿದ್ದಳು. ಊಟದ ಪ್ರಶ್ನೆಗೆ "ಆತವ್ವಾ, ನಿಂದ ಆತೇನು?" ಎಂದು ತಿರುಗಿ ಕೇಳುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಡಬ್ಬಿಗೆ ಉತ್ತರ ಕೊಡಲು ಬರದೆ ಅದು ನೀಲಿ ದೀಪ ಗಿರಗಿರ ತಿರುಗಿಸುತ್ತಿತ್ತು.

ನಕ್ಕಿದ್ದೇನೆ, ನಿಜ. ಆದರೆ ಡಬ್ಬಿ ಬಂದ ಮೇಲೆ ಅವಳ ಸಕ್ಕರೆ ಹತೋಟಿಗೆ ಬಂತು. ಕಾಲಿನ ಹುಣ್ಣು ಮಾಯಿತು. ಇದ್ದದ್ದು ಇದ್ದಂತೆ ಹೇಳಬೇಕು.

ಆ ದಿನ ಕಬ್ಬು ಕಡಿಯುವ ಗ್ಯಾಂಗು ನಮ್ಮ ಹೊಲಕ್ಕೆ ಬಂದಿತ್ತು. ಕಾರ್ಖಾನೆಯವರು ಕಡಿತಕ್ಕೆ ಹೇಳಿದರೆ ನಾಳೆ ನಾಡಿದ್ದು ಎನ್ನುವ ಹಾಗಿಲ್ಲ. ಮಗ, ಸೊಸೆ ನಸುಕಿನಲ್ಲೇ ಹೋದರು. ಬಡಿದ ರೊಟ್ಟಿಯೆಲ್ಲ ಅವರ ಬುತ್ತಿಗೆ ಹೋಗಿ, ಬುಟ್ಟಿಯಲ್ಲಿ ನಮ್ಮಿಬ್ಬರಿಗೆ ಆಗುವಷ್ಟು ಉಳಿದಿತ್ತು. ನಾದಿನಿ ಸಕ್ಕರೆ ನೋಡಿಕೊಂಡಳು, ಡಬ್ಬಿ ಲೆಕ್ಕ ಹೇಳಿತು, ಚುಚ್ಚಿಕೊಂಡಳು. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಅಂಗಳದಲ್ಲಿ ಮೋಟರ್ ಸೈಕಲ್ ನಿಂತ ಸದ್ದು. ಮೊಮ್ಮಗಳ ಮಾವ, ಅತ್ತೆ. ಹಳಿಯಾಳದ ಸಂತೆಗೆ ಹೊರಟವರು ಹಾಗೇ ಬೀಗರ ಮುಖ ನೋಡಿ ಹೋಗೋಣ ಎಂದು ಬಂದಿದ್ದರು.

"ಬರ್ರಿ, ಬರ್ರಿ" ಎಂದು ನೀರು ಕೊಟ್ಟೆ. ಬೀಗರು ಬಂದ ಮೇಲೆ ಬರೀ ಚಹಾ ಕೊಟ್ಟು ಕಳಿಸಲಾಗುತ್ತದೆಯೇ? ನಾನು ಅನ್ನಕ್ಕೆ ಇಡಲು ಒಳಗೆ ಹೋದೆ. "ಅನ್ನ ಆಗೂತನಾ ಅವರು ಕುಂತಿರಬೇಕೇನ್ರಿ? ಇದ್ದ ರೊಟ್ಟಿ ನಾ ಹಾಕ್ತೇನಿ" ಎಂದು ನಾದಿನಿ ಬುಟ್ಟಿ ಎತ್ತಿಕೊಂಡು ಹೋದಳು. "ನಿಂದ ತಗದಿಟ್ಟು ಹಾಕು. ಸೂಜಿ ಚುಚಗೊಂಡಿ" ಎಂದೆ. "ನಂದು ನಾ ತಗೊಂಡೇನಿ, ನೀವು ಒಲಿ ನೋಡ್ರಿ" ಎಂದಳು. ತೆಗೆದುಕೊಂಡಿರಲಿಲ್ಲ.

ಆಮೇಲೆ ಪಡಸಾಲೆಯಲ್ಲಿ ನಡೆದದ್ದನ್ನು ನನಗೆ ಬೀಗತಿಯೇ ಹೇಳಿದರು. ಅವರಿಬ್ಬರಿಗೂ ಡಬ್ಬಿ ನೋಡುವ ಆಸೆ. ತಮ್ಮ ಮಗ ಕೈಯಾರೆ ಕೂರಿಸಿದ್ದು, ನೋಡದೆ ಹೋಗಲು ಹೇಗಾಗುತ್ತದೆ. ತಾಟಿನ ಮುಂದೆ ಕೂತು ಅದು ಯಾವಾಗ ಬಾಯಿ ಬಿಡುತ್ತದೆ ಎಂದು ಗೂಡಿನ ಕಡೆಯೇ ನೋಡುತ್ತಿದ್ದರಂತೆ. ಬೀಗರು ಕೊನೆಯ ರೊಟ್ಟಿ ಮುರಿಯುವ ಹೊತ್ತಿಗೆ ಸರಿಯಾಗಿ ನೀಲಿ ದೀಪ ಬೆಳಗಿತು. "ನಿಮ್ಮ ಊಟ ಆಯಿತೇ?"

"ಮಾತಾಡ್ತು, ಮಾತಾಡ್ತು!" ಎಂದು ಬೀಗರು ಚಿಕ್ಕ ಹುಡುಗರಂತೆ ಕೂಗಿದರು. ಎಲ್ಲರೂ ನಾದಿನಿಯ ಬಾಯಿ ನೋಡಿದರು. ಬೀಗರ ಕೈಯಲ್ಲಿ ಅವಳದೇ ರೊಟ್ಟಿ.

"ಆತ್ರಿ ತಂಗೆವ್ವಾ," ಎಂದಳು ನಾದಿನಿ, "ಹೊಟ್ಟಿ ತುಂಬ ಆತು."

"ತುಂಬಾ ಸಂತೋಷ. ನಿಮ್ಮ ದಿನ ಶುಭವಾಗಿರಲಿ" ಎಂದು ಡಬ್ಬಿ ಕಣ್ಣು ಮುಚ್ಚಿತು. ಬೀಗತಿ "ಏನ ತಿಂದ್ರಿ ಅಕ್ಕಾರ?" ಎಂದು ಕೇಳಿದ್ದಕ್ಕೆ "ರೊಟ್ಟಿ, ಝುಣಕ" ಎಂದಳಂತೆ. ಝುಣಕ ಕೂಡ ಬೀಗರ ತಾಟಿನಲ್ಲೇ ಇತ್ತು.

ನಾನು ಚಹಾ ಕೊಟ್ಟು ಬಂದು ಅನ್ನದ ಮುಂದೆ ಕೂತಿದ್ದೆ. ಪಡಸಾಲೆಯಿಂದ ನಗು ಕೇಳಿಸುತ್ತಿತ್ತು. ನಡುವೆ ಹೆಂಗಸಿನ ಒಂದು ಜೋರು ದನಿ.

"ಸಂತಿಗೆ ಹೋಗಾಕ ಬಂದೀಯೋ, ನಮ್ಮ ಬುಟ್ಟಿ ಖಾಲಿ ಮಾಡಾಕ ಬಂದೀಯೋ?"

ಬೀಗರು ಹೋ ಎಂದು ನಕ್ಕರು. "ಎರಡಕ್ಕೂ ಬಂದೇವ್ರಿ ಅಕ್ಕಾರ! ಹೆಣ್ಣ ಕೊಟ್ಟ ಮ್ಯಾಲ ರೊಟ್ಟಿ ಕೊಡಾಕ ಯಾಕ ಹಿಂದ ಮುಂದ ನೋಡ್ತೀರಿ?"

ಬೀಗರು ಬೀಗರನ್ನು ಹಂಗಿಸುವುದು ನಮ್ಮಲ್ಲಿ ಇದ್ದದ್ದೇ. ಹಂಗಿಸದಿದ್ದರೆ ಏನೋ ಮುನಿಸಿರಬೇಕು ಎಂದುಕೊಳ್ಳುತ್ತಾರೆ. ಅದಕ್ಕೇ ಅವರಿಗೆ ಅನುಮಾನ ಬರಲಿಲ್ಲ. ನನಗೆ ಬಂತು. ಹಾಗೆ ಮಾತಾಡುವವಳು ನಮ್ಮ ಮನೆಯಲ್ಲಿ ನಾನೊಬ್ಬಳೇ. ನಾನು ಒಲೆಯ ಮುಂದೆ ಇದ್ದೆ.

"ನಗಬ್ಯಾಡ! ಆ ತಾಟ ನಂದು. ಇಡು ಕೆಳಗ!" ಎಂದು ಅದೇ ದನಿ ಮತ್ತೆ.

ಅನ್ನದ ಸೌಟು ಹಿಡಿದುಕೊಂಡೇ ಓಡಿದೆ. ನಾದಿನಿ ಗೋಡೆಗೆ ಒರಗಿ ಕೂತಿದ್ದಾಳೆ. ಸೆರಗು ಹೆಗಲ ಮೇಲೆ ಬಿದ್ದಿದೆ. ಹಣೆಯ ಬೂದಿ ಬೆವರಿಗೆ ಇಳಿದು ಮೂಗಿನವರೆಗೆ ಬಂದಿದೆ. ಕೈ ನಡುಗುತ್ತಿದೆ. ಬೀಗತಿ ಇನ್ನೂ ನಗುತ್ತಲೇ "ನೋಡ್ರಿ, ನಿಮ್ಮ ನಾದಿನಿ ಇವತ್ತ ಭಾರೀ ಗಮ್ಮತ್ತ ಮಾಡಾಕತ್ತಾರ" ಎಂದರು.

"ಗಮ್ಮತ್ತ ಅಲ್ರಿ, ಸಕ್ರಿ ಇಳದೈತಿ" ಎಂದು ಬೀಗರ ಕೈಯಲ್ಲಿದ್ದ ಚಹಾ ಕಸಿದುಕೊಂಡೆ. ಕಸಿದುಕೊಂಡೆ ಎಂದರೆ ಕಸಿದುಕೊಂಡದ್ದೇ, ಅವರ ಧೋತರದ ಮೇಲೆ ಅರ್ಧ ಚೆಲ್ಲಿತು. ಬೀಗರಿಗೆಂದು ಸಕ್ಕರೆ ಸುರಿದು ಮಾಡಿದ ಚಹಾ. ನಾದಿನಿಯ ಬಾಯಿಗೆ ಹಿಡಿದೆ. ಅವಳು ಲೋಟ ನೋಡಿದಳು, ಬೀಗರನ್ನು ನೋಡಿದಳು, ಮುಖ ತಿರುಗಿಸಿದಳು.

"ಎಂಜಲ."

"ಎಂಜಲಾದ್ರೇನು, ಸಕ್ರಿ ಎಲ್ಲಿ ಹೋಗೂದಿಲ್ಲ. ಕುಡೀ."

"ಒಲ್ಲೆ."

"ಕುಡೀದಿದ್ರ ನಿನ್ನ ತಿಥಿಗೆ ಇವರ ಮತ್ತ ಬಂದು ರೊಟ್ಟಿ ತಿಂತಾರ. ಕುಡೀ."

ಕುಡಿದಳು. ಬೀಗತಿ ಅಷ್ಟರಲ್ಲಿ ಎಚ್ಚೆತ್ತು ತಾವೇ ಒಳಗೆ ಓಡಿ ಸಕ್ಕರೆ ಡಬ್ಬ ತಂದರು. ನೀರಿನಲ್ಲಿ ಕಲಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿದೆವು. ನಾನು ಅವಳ ಬೆರಳು ಚುಚ್ಚಿ, ಬೀಗರಿಂದ ಅಂಕಿ ಓದಿಸಿ, ಗೂಡಿನ ಕಡೆ ತಿರುಗಿ ಹೇಳಿದೆ. ಡಬ್ಬಿ ಗಡಿಬಿಡಿ ಮಾಡಲಿಲ್ಲ. ಸಕ್ಕರೆ ಬಹಳ ಕಡಿಮೆ ಇದೆ, ಸಿಹಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಮಾತು ನಿಂತರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ ಎಂದಿತು. ಹಾಗೇ ಮೊಮ್ಮಗಳಿಗೂ ಫೋನು ಹಚ್ಚಿತು.

"ಅಜ್ಜೀ, ಏನಾತು? ಊಟ ಆಗೇತಿ ಅಂತ ಇಲ್ಲಿ ಬಂದೈತಲ್ಲ!"

"ಸುಳ್ಳ ಬಂದೈತಿ. ನಿಮ್ಮ ಅತ್ತಿ ಮಾವ ಬಂದಾರ. ಅವರ ಮುಂದ ಆಗಿಲ್ಲ ಅಂತ ಹೆಂಗ ಹೇಳೂದಂತ ಉಪಾಸ ಕುಂತಾಳ."

ಮೊಮ್ಮಗಳು ಸಣ್ಣ ದನಿಯಲ್ಲಿ "ಸ್ಪೀಕರ್ ಮ್ಯಾಲ ಐತೇನಜ್ಜಿ?" ಎಂದಳು. ಸ್ಪೀಕರ್ ಬಿಟ್ಟು ಮತ್ತೇನಿದೆ ಆ ಡಬ್ಬಿಯಲ್ಲಿ? ಬೀಗರು ತಮ್ಮ ಧೋತರ ಒರೆಸಿಕೊಳ್ಳುತ್ತ ಕೂತಿದ್ದರು.

ಎರಡನೆಯ ಸಲ ನೋಡಿದಾಗ ಅಂಕಿ ಮೇಲೆ ಬಂದಿತ್ತು. ನಾದಿನಿಯ ಕಣ್ಣು ತಿಳಿಯಾದವು. ಮೊದಲು ಮಾಡಿದ ಕೆಲಸ ಸೆರಗು ತಲೆಗೆ ಎಳೆದುಕೊಂಡದ್ದು. ಎರಡನೆಯದು, "ಬೀಗರು ಅನ್ನ ಉಣ್ಣಲಿಲ್ಲಲ್ರಿ ವೈನಿ" ಎಂದದ್ದು. ಅನ್ನ ಹೊತ್ತಿ ವಾಸನೆ ಬರುತ್ತಿತ್ತು. ಮೇಲಿನದನ್ನು ತೆಗೆದು ಅವಳ ತಾಟಿಗೆ ಮೊದಲು ಹಾಕಿದೆ. ಅವಳು ಉಣ್ಣುವವರೆಗೆ ಬೀಗತಿ ಅಲ್ಲಾಡದೆ ಎದುರಿಗೆ ಕೂತರು. ಸಂತೆಗೆ ಹೋಗುವುದನ್ನು ಬಿಟ್ಟು ಮಧ್ಯಾಹ್ನದವರೆಗೆ ಇದ್ದರು. ಹೋಗುವಾಗ ಬೀಗರು ಬಾಗಿಲಲ್ಲಿ ನಿಂತು, "ಇನ್ನ ಮ್ಯಾಲ ನಿಮ್ಮ ಮನಿಗೆ ಬಂದ್ರ ಬುತ್ತಿ ಕಟಗೊಂಡ ಬರ್ತೇವ್ರಿ ಅಕ್ಕಾರ" ಎಂದರು. ನಾದಿನಿ ನಾಚಿ ಕಂಬದ ಹಿಂದೆ ಹೋದಳು.

ಅವರು ಹೋದ ಮೇಲೆ ನಾನು ಕೇಳಿದೆ. "ಒಂದ ಮಾತ ಹೇಳಿದ್ರ ಏನಾಗ್ತಿತ್ತು?"

"ಅವರ ಕೈಯಾಗಿನ ತುತ್ತ ಕೈಯಾಗ ಉಳೀತಿತ್ತಲ್ರಿ."

"ನೀ ಸತ್ತಿದ್ರ?"

ಅವಳು ಖಾಲಿ ಬುಟ್ಟಿಗೆ ಮುಚ್ಚಳ ಹಾಕಿದಳು. "ವೈನಿ, ಖರೇನ ಹೇಳ್ತೇನಿ. ಟ್ರಂಕ ತಗೊಂಡ ಬಂದ ದಿನಾ ಅಣ್ಣ ಕೇಳಿದ್ದ, ಊಟ ಆತೇನ ಅಂತ. ಎರಡ ದಿನದಿಂದ ಏನೂ ಉಂಡಿರಲಿಲ್ಲ. ಆತು ಅಂದ್ನಿ. ಅವತ್ತಿಂದ ಆಗಿಲ್ಲ ಅನ್ನೂ ಮಾತ ನನ್ನ ಬಾಯಾಗ ಬರೂದ ಇಲ್ಲ. ಬೀಗರಿರಲಿ, ಆ ಡಬ್ಬಿ ಕೇಳಿದ್ರೂ ಬರೂದಿಲ್ಲ."

ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ಅತ್ತರೆ ಸಕ್ಕರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. "ನಿನಗ ಬರದಿದ್ರ ಬಿಡು. ನನಗ ಬರ್ತೈತಿ" ಎಂದೆ. ಸಂಜೆ ಮೊಮ್ಮಗಳಿಗೆ ಫೋನು ಮಾಡಿಸಿದೆ. ಊಟದ ಪ್ರಶ್ನೆಯನ್ನು ಇನ್ನು ಮೇಲೆ ನಾದಿನಿಗೆ ಕೇಳಬಾರದು, ನನಗೇ ಕೇಳಬೇಕು, ಹಾಗೆ ಮಾಡಲು ಬರುತ್ತದೆಯೋ ಇಲ್ಲವೋ ಎಂದೆ. ಬರುತ್ತದೆ, ಇಲ್ಲಿಂದಲೇ ಮಾಡುತ್ತೇನೆ ಎಂದಳು.

ಮರುದಿನ ಬೆಳಿಗ್ಗೆ ಎದ್ದ ಕೂಡಲೇ ಡಬ್ಬಿಯನ್ನು ಪಡಸಾಲೆಯ ಗೂಡಿನಿಂದ ತೆಗೆದು ಅಡುಗೆಮನೆಗೆ, ಒಲೆಯಿಂದ ಅಷ್ಟು ದೂರ, ತಂದಿಟ್ಟೆ. ನಾದಿನಿ ಚುಚ್ಚಿಕೊಂಡಳು. ಹೊಲಕ್ಕೆ ಹೊರಟ ಮಗ ಬುತ್ತಿಗೆಂದು ಬಾಗಿಲಲ್ಲಿ ನಿಂತಿದ್ದ. ಅವನಿಗೆ ನಿಲ್ಲಲು ಹೇಳಿ ಮೊದಲನೆಯ ರೊಟ್ಟಿಯನ್ನು ಅವಳ ತಾಟಿಗೆ ಹಾಕಿದೆ. ಅವಳು ಅವನ ಮುಖ ನೋಡುತ್ತ ಇರುವೆಯ ಹಾಗೆ ಮುರಿಯುತ್ತಿದ್ದಳು. ಅಷ್ಟರಲ್ಲಿ ನೀಲಿ ದೀಪ ಬೆಳಗಿತು.

"ವೈನಿಯವರೇ, ಅವರ ಊಟ ಆಯಿತೇ?"

ನಾದಿನಿ ನನ್ನ ಕಡೆ ನೋಡಿ ಕಣ್ಣಿನಲ್ಲೇ ಬೇಡಿಕೊಂಡಳು. ನಾನು ತಾಟು ನೋಡಿದೆ. "ಆಗಿಲ್ಲ. ಅರ್ಧಾ ಹಂಗ ಐತಿ. ಪಲ್ಲೆ ಮುಟ್ಟಿಲ್ಲ" ಎಂದೆ.

"ಸರಿ. ಸ್ವಲ್ಪ ಸಮಯದ ನಂತರ ಮತ್ತೆ ಕೇಳುತ್ತೇನೆ" ಎಂದಿತು ಡಬ್ಬಿ. ನಾದಿನಿ "ಚಾಡಿ ಹೇಳ್ತೀರಲ್ರಿ ವೈನಿ" ಎಂದು ಗೊಣಗುತ್ತ ಪಲ್ಲೆಗೆ ಕೈ ಹಾಕಿದಳು. ನಾನು ಹಿಟ್ಟಿನ ಉಂಡೆ ತೆಗೆದುಕೊಂಡು ಅವಳ ಎರಡನೆಯ ರೊಟ್ಟಿ ಬಡಿಯಲು ಕೂತೆ.